ಷರಾ

ಆಕಾಶಕ್ಕೂ ಪಹಣಿ ಉಂಟು ನಮ್ಮ ಇಲಾಖೆಯಲ್ಲಿ.
ಈ ಪಟ್ಟಿ ವಿಮಾನಕ್ಕೆ, ಇದು ಹಡಗಿಗೆ,
ಇದು ರೈಲಿನ ಕೆಂಪು ಹಸಿರಿಗೆ.
ಒತ್ತುವರಿ ಆಗದಂತೆ ಬೇಲಿ ಕಾಯುವವಳು ನಾನು,
ತೆಲ್ಲೆರ್ವೊ ಹ್ಯಾಯ್ರಿನೆನ್, ತರಂಗ ತಪಾಸಣೆ, ಆಗ್ನೇಯ ವಲಯ.
ಒಂದು ವ್ಯಾನು, ನೆತ್ತಿಯ ಮೇಲೆ ನಾಲ್ಕು ಕೊಂಬಿನ ಆಂಟೆನಾ,
ಸೀಟಿನಡಿ ಒಣಗಿದ ರೈ ರೊಟ್ಟಿ.

ಗಾಳಿಗೆಂಥ ಬೇಲಿಯಮ್ಮ ಅಂತ ಕೇಳುತ್ತಾರೆ.
ಏನು ಹೇಳಲಿ?
ಇಪ್ಪತ್ತು ಸಾವಿರ ಕಿಲೋಮೀಟರು ಮೇಲಿಂದ
ಉಪಗ್ರಹ ಆಡಿದ ಮಾತು ನೆಲ ಮುಟ್ಟುವಾಗ
ಮದುವೆ ಮನೆಯ ಗದ್ದಲದೊಳಗೆ
ಯಾರೋ ಸೂಜಿಗೆ ದಾರ ಪೋಣಿಸಿದ ಸದ್ದು.
ಅದನ್ನು ನಂಬಿ ಹಡಗು ಬಂಡೆ ತಪ್ಪಿಸುತ್ತದೆ,
ಅದನ್ನೇ ನಂಬಿ ಆಂಬುಲೆನ್ಸು
ಕಾಡಿನ ಮೂರನೇ ತಿರುವು ಹಿಡಿಯುತ್ತದೆ.

ಜನವರಿಯಲ್ಲಿ ಕೋಟ್ಕಾ ಬಂದರಿನಿಂದ ದೂರು.
ಗುರುವಾರ, ಎರಡು ಗಂಟೆ ಹತ್ತು ನಿಮಿಷಕ್ಕೆ
ಕ್ರೇನುಗಳು ಕೈ ಎತ್ತಿಕೊಂಡು ನಿಂತವು, ಶಾಲೆಯ ಹುಡುಗರ ಹಾಗೆ.
ಪೈಲಟ್ ದೋಣಿ, ಪರದೆಯ ಪ್ರಕಾರ,
ಕಾಗದದ ಗಿರಣಿಯ ಹೊಗೆಗೊಳವೆಯ ಮೇಲೆ ತೇಲುತ್ತಿತ್ತು.

ಎಲ್ಲರೂ ಪೂರ್ವಕ್ಕೆ ಬೊಟ್ಟು ಮಾಡಿದರು, ಕೊಲ್ಲಿಯಾಚೆಗೆ.
ರಾಜಧಾನಿಯಲ್ಲಿ ಸಭೆ, ಬಾಗಿಲು ಹಾಕಿಕೊಂಡು.
ಆಚೆಯವರ ಉಪಟಳವೂ ಇದೆ, ಇಲ್ಲವೆನ್ನಲಾರೆ,
ನನ್ನ ಕಡತಗಳೇ ಹೇಳುತ್ತವೆ.
ಆದರೆ ಗುರುವಾರ ಮಾತ್ರ ಯಾಕೆ?
ಊಟವಾದ ಮೇಲೆ ಯಾಕೆ?

ಕೂಸು ಕಂಕುಳಲ್ಲೇ ಇತ್ತು.
ನಾಲ್ಕನೇ ಗುರುವಾರ ನನ್ನ ಸೂಚಿ
ಸಮುದ್ರದ ಕಡೆ ತಿರುಗಲೇ ಇಲ್ಲ.
ಗೇಟಿನ ಸಾಲಲ್ಲಿ ಏಳನೇ ಲಾರಿ,
ಸಿಗರೇಟು ಲೈಟರಿನ ತೂತಿನಲ್ಲಿ
ಹೆಬ್ಬೆರಳಷ್ಟು ಕರಿ ಡಬ್ಬಿ, ಮೇಲೊಂದು ಹಸಿರು ಮಿಣುಕು.

ಓಯಿವಾ ಕರ್ವಿನೆನ್, ಐವತ್ತೊಂಬತ್ತು.
ಬೈಗುಳ ಕಾದಿದ್ದೆ. ಅವನು ಟೊಪ್ಪಿ ತೆಗೆದ.
"ಉಚ್ಚೆ ಹೊಯ್ಯಲು ಇಳಿದರೂ ಲೆಕ್ಕ ಇಡುತ್ತದೆ ಕಂಪನಿ.
ಇಲ್ಲೇ ಸಾಲಲ್ಲಿ ನಿಂತಿದ್ದೇನೆ ಅಂದುಕೊಳ್ಳಲಿ ಅಂತ.
ಮೂವತ್ತೈದು ನಿಮಿಷ, ಅಷ್ಟೇ.
ಕೊಲ್ಲಿಯ ದಡಕ್ಕೆ ಹೋಗಿ ಬರುತ್ತೇನೆ."

ಯಾರನ್ನು ನೋಡಲು?
"ಮಂಜುಗಡ್ಡೆಯನ್ನು."

ಅವನಪ್ಪ ನೀರು ಹೆಪ್ಪುಗಟ್ಟಿದ ದಿನ
ಉಳಿ ಹಿಡಿದು ಮೊದಲು ನಡೆಯುತ್ತಿದ್ದನಂತೆ,
ಕುಟ್ಟಿ, ಕಿವಿಗೊಟ್ಟು, ಮತ್ತೆ ಕುಟ್ಟಿ,
ಗಟ್ಟಿ ಇದ್ದ ಕಡೆ ಜೂನಿಪರ್ ಕೊಂಬೆ ನೆಡುತ್ತ.
ದ್ವೀಪದ ಹೆಂಗಸರು, ಪಾದ್ರಿ, ಅಂಚೆ, ಶವಪೆಟ್ಟಿಗೆ,
ಎಲ್ಲರೂ ಆ ಕೊಂಬೆಗಳ ಬೆನ್ನು ಹಿಡಿದೇ ದಾಟುತ್ತಿದ್ದರು,
ಬಿಳಿಯ ಮೇಲೆ ಬಿಳಿ ಸುರಿಯುವಾಗಲೂ.
ಒಂದು ಕೊಂಬೆಯಿಂದ ಇನ್ನೊಂದು ಕಾಣಬೇಕು,
ಅಷ್ಟೇ ನಿಯಮ.
"ಮೂರು ಚಳಿಗಾಲ ಆಯಿತು, ಕೊಲ್ಲಿ ಹೆಪ್ಪುಗಟ್ಟಿಲ್ಲ."

ನಾನು ಡಬ್ಬಿ ಕಿತ್ತೆ. ಚೀಲಕ್ಕೆ ಹಾಕಿ ಮೊಹರು ಒತ್ತಿದೆ.
ಇವತ್ತು ದೋಣಿ ಹೊಗೆಗೊಳವೆಯ ಮೇಲಿತ್ತು,
ನಾಳೆ ಬಂಡೆಯ ಮೇಲಿದ್ದರೆ? ಅಂದೆ.
ಅವನು ಹಡಗುಗಳ ಕಡೆ ನೋಡಿದ,
ಮೊದಲ ಸಲ ನೋಡುವವನಂತೆ.
"ಅಪ್ಪನಿಗೆ ಗೊತ್ತಾಗಿದ್ದರೆ," ಅಂದ.
ಮುಂದೆ ಹೇಳಲಿಲ್ಲ.

ದಂಡದ ಮೊತ್ತ ಬರೆದೆ, ಒಂದು ಸೊನ್ನೆಯೂ ಕಡಿಮೆ ಮಾಡದೆ.
ನಮೂನೆಯಲ್ಲಿ ಉದ್ದೇಶ ಅಂತ ಒಂದು ಮನೆ,
ವ್ಯಾಪಾರ, ಕಳವು, ಬೇಹು, ಇತರೆ.
ಇತರೆಗೆ ಗುರುತು ಹಾಕಿದೆ.

ಬರುವಾಗ, ದಾರಿ ತಪ್ಪಿ ಅನ್ನೋಣ,
ವ್ಯಾನು ಕೊಲ್ಲಿಯ ದಡಕ್ಕೆ ತಿರುಗಿತು.
ಇಳಿದೆ. ಜಾಕ್ ಕಬ್ಬಿಣದಿಂದ ಕುಟ್ಟಿದೆ.
ಕಿವಿಗೊಟ್ಟೆ.

ಕಡತ ಮೇಲಕ್ಕೆ ಹೋಯಿತು. ಮೂರನೇ ದಿನ
ಮೇಲಧಿಕಾರಿಯ ಫೋನು:
ಕೊನೆಯ ಕಾಲಮ್ಮಿನಲ್ಲಿ, ಷರಾ ಇರುವ ಕಡೆ,
"ದಡದ ಹತ್ತಿರ ನಾಲ್ಕು ಸೆಂಟಿಮೀಟರ್. ನಡೆಯಲು ಸಾಲದು" ಅಂತ ಇದೆಯಲ್ಲ,
ಏನಿದು?
ಯಾವ ಕಂಪನಾಂಕದ್ದು?