ಹಸಿರು ತಂತಿ, ಕಪ್ಪು ತಂತಿ

ಸ್ಕೂಟಿಯ ಕಾಲಿಡುವ ಜಾಗದಲ್ಲಿ ಹರಕು ತಾಡಪಾಲು ಹೊದ್ದು
ಕುಳಿತು ಬಂತು ಬೈತಖೋಲದ ಸೊಸಾಯ್ಟಿಯ ಕಂಪ್ಯೂಟರು.
ಇಳಿಸಿದವಳು ಶೇವಂತಿ ತಾಂಡೇಲ, ಅಲ್ಲಿಯ ಗುಮಾಸ್ತೆ.
"ನಿನ್ನೆಯಿಂದ ಏಳ್ತಾ ಇಲ್ಲ ಇದು" ಅಂದಳು,
"ಇವತ್ತೇ ಆಗ್ಬೇಕಂತೇನೂ ಇಲ್ಲ."

ಹದಿನಾರು ವರ್ಷದಲ್ಲಿ ಈ ಮಾತು ಯಾರೂ ಆಡಿದ್ದಿಲ್ಲ.
ಕೋಡಿಬಾಗದ ನನ್ನ ಅಂಗಡಿಗೆ ಬರುವವರೆಲ್ಲ
ಆಸ್ಪತ್ರೆಗೆ ಓಡಿದವರ ಹಾಗೇ ಬರುತ್ತಾರೆ.

ಗುಂಡಿ ಒತ್ತಿದೆ.
ಫ್ಯಾನು ಕಾಲುಸುತ್ತು ಮಿಡುಕಿತು, ನಿಂತಿತು.
ಮತ್ತೆ ಒತ್ತಿದರೆ ಅದೂ ಇಲ್ಲ.
ಸಾಕೆಟ್ಟು ಸರಿ. ಕೇಬಲ್ಲು ಸರಿ.
ಮುಚ್ಚಳ ಬಿಚ್ಚಿದರೆ ಮೂಲೆಮೂಲೆಗೆ ತುಕ್ಕು,
ಹಲ್ಲಿಯ ಮೊಟ್ಟೆಯ ಚಿಪ್ಪು,
ಒಣಸೀಗಡಿಯ ಒಂದು ಮೀಸೆ. ಅದು ಹೇಗೆ ಬಂತೋ.

ನಮ್ಮೂರಲ್ಲಿ ಯಂತ್ರ ಸತ್ತರೆ ಮೊದಲ ಗುಮಾನಿ ಗಾಳಿಯ ಮೇಲೆ.
ಉಪ್ಪು ಗಾಳಿ ಅಂದರಾಯಿತು, ಗಿರಾಕಿ ತಲೆಯಾಡಿಸುತ್ತಾನೆ,
ಹೊಸ ಸಪ್ಲೈ ಹಾಕಿ ಸಾವಿರದ ಇನ್ನೂರು ಬರೆಯಬಹುದು.
ನಾನೂ ಬರೆದದ್ದುಂಟು, ಸುಳ್ಳು ಯಾಕೆ.

ಅವಳೇ ಎತ್ತಿದಳು ಆ ಮಾತು:
"ಉಪ್ಪು ಗಾಳಿಗೆ ಸುಟ್ಟಿದೆ ಅಂತ ಒಂದು ಚೀಟಿ ಕೊಡಿ, ರೇವಣಕರ್ ಮಾಮ.
ಸೋಮವಾರದ ತನಕ ಇಲ್ಲೇ ಇರಲಿ."
"ಇವತ್ತೇನಿದೆ?"
"ಐದರೊಳಗೆ ಡೀಸೆಲ್ ಪಟ್ಟಿ ಕಳಿಸ್ಬೇಕು."

ನಾನು ತಂತಿಯ ಗೊಂಚಲು ಬಿಡಿಸುತ್ತಿದ್ದೆ.
ನೇರಳೆ ತಂತಿಗೆ ಮೀಟರಿನ ಮೊನೆ ತಾಗಿಸಿದೆ:
ನಾಲ್ಕು ಬಿಂದು ಒಂಬತ್ತು ಏಳು.
ಅಂದರೆ ಎಚ್ಚರವಿದೆ. ಏಳಲೊಲ್ಲದು, ಅಷ್ಟೇ.

ಅಪ್ಪ ಮೂಗುತಿಗೆ ಹರಳು ಕೂರಿಸುತ್ತಿದ್ದ ಚಿಮುಟ ತೆಗೆದೆ.
ಒಂದು ಕಾಲು ಹಸಿರು ತಂತಿಗೆ, ಒಂದು ಕಾಲು ಕಪ್ಪಿಗೆ.
ಸಪ್ಲೈಯ ಫ್ಯಾನು ಭರ್ರೆಂದು ತಿರುಗಿ
ಮೂರು ವರ್ಷದ ಧೂಳು ನಮ್ಮಿಬ್ಬರ ಮುಖಕ್ಕೆ.
"ಜೀವ ಇದೆಯಲ್ಲ" ಅಂದಳು,
ಸಾಲ ಕೇಳುವವನು ಬಾಗಿಲಿಗೆ ಬಂದ ಹಾಗೆ.

ಬೋರ್ಡಿಗೆ ಸಿಕ್ಕಿಸಿದರೆ ಮತ್ತದೇ ಮಿಡುಕು, ಮತ್ತದೇ ಮೌನ.
ಒಂದೊಂದೇ ಕಳಚಿದೆ. ಡಿಸ್ಕು. ಇಲ್ಲ.
ಸಿಡಿ ಡ್ರೈವು. ಇಲ್ಲ.
ನಡುವೆ ಅವಳು ನನಗೋ, ತಾಡಪಾಲಿಗೋ ಹೇಳತೊಡಗಿದಳು:
"ಸಾಂತೇರಿ ಪ್ರಸಾದ ಮುಳುಗಿ ಮೂರು ಮಳೆಗಾಲ.
ಅದರ ಒಂದು ಹಲಗೆ ನಮ್ಮನೆ ಕೋಳಿಗೂಡಿಗೆ ಬಾಗಿಲಾಗಿದೆ.
ಪಟ್ಟಿಯಲ್ಲಿ ಇನ್ನೂ ಡೀಸೆಲ್ ಕುಡೀತದೆ.
ಅಂಥವು ಇನ್ನೂ ಆರಿವೆ. ಸಹಿ ಮಾತ್ರ ನಂದು."

ಕೊನೆಗೆ ಮುಂದಿನ ಯುಎಸ್‌ಬಿಯ ತಂತಿ ಕಿತ್ತೆ.
ಎದ್ದಿತು. ಪರದೆ ಬೆಳಗಿತು.
ಬೆಳಕು ಬಿಟ್ಟು ನೋಡಿದರೆ ಆ ಸಣ್ಣ ಬಾಯೊಳಗೆ
ನಾಲಿಗೆ ಮುರಿದು, ಪಿನ್ನು ಬಾಗಿ ತಗಡಿಗೆ ತಾಗಿ,
ಸುತ್ತ ಹಸಿರು ಕಿಲುಬು.
"ಯಾರೋ ಪೆನ್‌ಡ್ರೈವ್ ತಿರುಗುಮುರುಗಾಗಿ ತುರುಕಿದ್ದಾರೆ."
"ಚೇರ್ಮನ್ನರ ಅಳಿಯ" ಅಂದಳು. "ಪಟ್ಟಿ ತಂದದ್ದು ಅದರಲ್ಲೇ."

ನಾನು ನನ್ನ ಕೆಲಸದ ಮಾತಷ್ಟೇ ಹೇಳಿದೆ:
ಎಲ್ಲಾದರೂ ಶಾರ್ಟ್ ಇದ್ದರೆ ಸಪ್ಲೈ ತಾನೇ ಬಾಗಿಲು ಹಾಕಿಕೊಳ್ಳುತ್ತದೆ,
ಕಾರ್ಖಾನೆಯಲ್ಲಿ ಹಾಗೇ ಕಲಿಸಿರುತ್ತಾರೆ.
ಜನ ಅದಕ್ಕೆ ಕೆಟ್ಟಿದೆ ಅನ್ನುತ್ತಾರೆ.

ಗಂಟೆ ನಾಲ್ಕೂ ಹತ್ತು.
"ಈ ತಂತಿ ಹೊರಗೇ ಬಿಟ್ಟರೆ ಇವತ್ತೇ ನಡೀತದೆ. ಬಿಡಲಾ?"
ಅವಳು ಪರದೆ ನೋಡಿದಳು, ಗಡಿಯಾರ ನೋಡಿದಳು.
"ಇದ್ದ ಹಾಗೇ ಸಿಕ್ಕಿಸಿ. ಚೀಟಿಯಲ್ಲಿ ಇದ್ದದ್ದೇ ಬರೀರಿ."

ಬರೆದೆ: ಪವರ್ ಸಪ್ಲೈ ಸರಿ ಇದೆ.
ಶಾರ್ಟ್ ತೆಗೆಯುವ ತನಕ ಚಾಲೂ ಆಗುವುದಿಲ್ಲ.
ಕೆಳಗೆ ಅಂಗಡಿಯ ಮೊಹರು.
ಎರಡು ಸಲ ಓದಿ, ಮಡಿಸಿ,
ಬಳೆಯೊಳಗೆ ಸಿಕ್ಕಿಸಿಕೊಂಡು ಹೋದಳು.

ರಾತ್ರಿ ಶಟರು ಎಳೆಯುವ ಮುಂಚೆ
ಬಿಲ್ ಪುಸ್ತಕದ ಹಳೆಯ ಕಾರ್ಬನ್ ಹಾಳೆಗಳನ್ನು ತಿರುವಿದೆ.
ಉಪ್ಪು ಗಾಳಿ. ಉಪ್ಪು ಗಾಳಿ. ಉಪ್ಪು ಗಾಳಿ.
ನೀಲಿ ಮಾಸಿದೆ,
ಅಕ್ಷರ ನನ್ನದೇ.