ಏಳು, ಹತ್ತು, ಹನ್ನೊಂದು

ಏಳು ಎಂದರೆ ಏಳುತ್ತಿತ್ತು.
ಹದಿಮೂರು ವರ್ಷ. ಥಂಡಿಯ ಬೆಳಗುಗಳಲ್ಲಿ ಒಂದಿಷ್ಟು ಗೊಣಗಿ,
ಫ್ಯಾನಿನ ಧೂಳು ಕೆಮ್ಮಿ,
ನೀಲಿ ಪರದೆ ಬಿಚ್ಚಿ ಎದ್ದು ಕೂರುತ್ತಿತ್ತು.
ನಡುವೆ ಎಂಟು ಬಂತಂತೆ, ಯಾರೂ ಒಳಗೆ ಕರೆಯಲಿಲ್ಲ.
ಹತ್ತು ಬಂದಾಗ ಪೇಟೆಯೆಲ್ಲ ಹತ್ತಿತು;
ನಾನು ಕೆಳಗಿನ ಮೆಟ್ಟಿಲಲ್ಲೇ ಟೈಪು ಮಾಡುತ್ತ ಕುಳಿತೆ.
ಈಗ ಹನ್ನೊಂದು.
ಅದಕ್ಕೆ ನಮ್ಮ ಮಾತಿನಲ್ಲಿ ಎರಡನೇ ಅರ್ಥವಿಲ್ಲ.
ಬರೀ ಲೆಕ್ಕ.

ವಿರಾಜಪೇಟೆ, ಗಡಿಯಾರ ಕಂಬದಿಂದ ಕೆಳಗಿಳಿದರೆ ನನ್ನ ಅಂಗಡಿ:
ಒಂದು ಮೇಜು, ಎರಡೂವರೆ ಕುರ್ಚಿ,
ಕರಡು ಕಾಗದದ ಕಟ್ಟು, ಒಣಗಿದ ಗೋಂದು.
ಕ್ರಯ, ದಾನ, ಪಾಲು, ಮರಣಶಾಸನ
ಎಲ್ಲವೂ ಈ ಹತ್ತು ಬೆರಳು ದಾಟಿಯೇ ಕಚೇರಿಗೆ ಹೋಗಬೇಕು.
ಹೋಗುತ್ತಿತ್ತು. ಈಗ ಪತ್ರಗಳೆಲ್ಲ
ಕಾವೇರಿ ಎಂಬ ತಂತ್ರಾಂಶದಲ್ಲಿ ಮುಳುಗಿ ಏಳಬೇಕಂತೆ.
ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಕೂತು
ಕಾವೇರಿ ತೆರೆಯುತ್ತಿಲ್ಲ ಅನ್ನುವ ನನ್ನನ್ನು ನೋಡಿ
ಗುಮಾಸ್ತ ನಕ್ಕ.

ಉನೈಸ್ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ
ಸಣ್ಣ ಬ್ರಷ್ಷಿನಿಂದ ಗುಡಿಸುತ್ತ ಹೇಳಿದ:
"ಇದಕ್ಕೆ ಹೊಸತು ಕೂರುವುದಿಲ್ಲ ಅಂತದೆ ಕಂಪನಿ.
ಕೂರಿಸಿದರೆ ಕೂರ್ತದೆ. ಆದರೆ ಅಕ್ಕ,
ನಿಮ್ಮ ಹಳೇ ನುಡಿ ಫೈಲುಗಳು ಅದರ ಬಾಯಲ್ಲಿ ತೊದಲುತ್ತವೆ."
ಹಾಗಾದರೆ ಹಳತೇ ಇರಲಿ ಎಂದೆ.
"ಇರಲಿ. ನೆಟ್ಟಿಗೆ ಮಾತ್ರ ಬಿಡಬೇಡಿ,
ಬಾಗಿಲಿಗೆ ಚಿಲಕ ಮಾಡುವವರು ಅಂಗಡಿ ಮುಚ್ಚಿ ಹೋದರು."
ಆಮೇಲೆ ಸ್ಕ್ರೂ ಒಂದನ್ನು ತುಟಿಯಲ್ಲಿ ಕಚ್ಚಿಕೊಂಡೇ
"ಎರಡೂ ಇರಲಿ. ಡಿಸ್ಕನ್ನೇ ಪಾಲು ಮಾಡುವ."

ಪಾಲು!
ಯಾರ ಹತ್ತಿರ ಹೇಳುತ್ತಿದ್ದೀಯೋ ಮಾರಾಯ,
ನಾನೂರು ಪಾಲುಪತ್ರ ಬಡಿದ ಬೆರಳುಗಳಿವು.
ಬೇಲಿಯ ಸಿಲ್ವರ್ ಮರ ಅಣ್ಣನಿಗೆ,
ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತಮ್ಮನಿಗೆ ಎಂದು
ಬರೆದವಳು ನಾನು; ಕುಯ್ಲಿನ ದಿನ
ಏಣಿ ಯಾರದು ಎಂದು ಯಾರೂ ಬರೆಸಲಿಲ್ಲ,
ಆ ಕೇಸು ಇನ್ನೂ ನಡೆಯುತ್ತಿದೆ.

ಸಂಜೆಗೆ ಪಾಲಾಯಿತು.
ಒತ್ತಿದರೆ ಕಪ್ಪು ಪರದೆ: ಯಾವುದು ಬೇಕು? ಮೂವತ್ತು ಸೆಕೆಂಡು.
ಇಪ್ಪತ್ತೊಂಬತ್ತು. ಇಪ್ಪತ್ತೆಂಟು.
ನನ್ನ ಮದುವೆಯಲ್ಲೂ ಇಷ್ಟು ಸಮಯ ಯಾರೂ ಕೊಟ್ಟಿರಲಿಲ್ಲ.

ಮರುದಿನ ಪೂವಮ್ಮ ಬಂದರು, ಕೈಯಲ್ಲಿ ಕೊಡೆ,
ಹಳೆಯದೊಂದು ಪಾಲುಪತ್ರದ ನಕಲು ಬೇಕಂತೆ.
ಏಳರಿಂದ ಎತ್ತಿ ಹನ್ನೊಂದಕ್ಕೆ ದಾಟಿಸಿ
ನೋಡದೆ ಪ್ರಿಂಟು ಕೊಟ್ಟೆ.
ಕನ್ನಡಕ ಏರಿಸಿ ಚೆಕ್ಕುಬಂದಿ ಓದಿದರು:
ಪಶ್ಚಿಮಕ್ಕೆ ಕಾಲುದಾರಿ, ಉತ್ತರಕ್ಕೆ ಅಣ್ಣನ ಕಾಫಿ,
ದಕ್ಷಿಣಕ್ಕೆ ಇನ್ನೊಬ್ಬ ಅಣ್ಣನ ಕಾಫಿ,
ಪೂವಕ್ಕೆ ತೋಡು.
ದಾಟುವಾಗ ಅರ್ಕಾವೊತ್ತು ಕಳಚಿ ಬಿದ್ದಿತ್ತು.
"ಪೂವ ಅಂದರೆ ನಾನೇ ಅಲ್ಲವಾ?"
ಅವರು ನಕ್ಕ ನಗೆಗೆ ಪಕ್ಕದ ಟೈಲರ್ ಬಂದು ಇಣುಕಿದ.
"ನಾಲ್ಕು ದಿಕ್ಕಲ್ಲಿ ಒಂದೂ ನನಗೆ ಬರೆಯಲಿಲ್ಲ ಅಪ್ಪ.
ನಿನ್ನ ಮಿಷನು ತೋಡಾದರೂ ಕೊಟ್ಟಿತಲ್ಲೇ!"

ಪತ್ರ ಪತ್ರವೇ.
ಅರ್ಕಾವೊತ್ತು ಹುಡುಕಿ ಹಾಕಿದೆ, ದಿಕ್ಕು ದಿಕ್ಕಿಗೆ ಕೂತಿತು,
ಇನ್ನೊಂದು ಪ್ರತಿ ತೆಗೆದು ಕೊಟ್ಟೆ.
ತಪ್ಪಿದ ಹಾಳೆಗೆ ಕೈ ಚಾಚಿದರೆ ಕೊಡಲಿಲ್ಲ ಅವರು.
ಸರಿಯಾದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು;
ತಪ್ಪಾದದ್ದನ್ನು ನಾಲ್ಕು ಮಡಿಕೆ ಮಡಿಸಿ
ರವಿಕೆಯೊಳಗೆ ಇಟ್ಟುಕೊಂಡು
ಎರಡಕ್ಕೂ ದುಡ್ಡು ಕೊಟ್ಟು ಇಳಿದು ಹೋದರು.

ಉನೈಸ್ ಫೋನು ಮಾಡಿ ಕೇಳುತ್ತಾನೆ:
ಮೊದಲು ಯಾವುದು ಬರಬೇಕು ಅಂತ ಆರಿಸಿದಿರಾ ಅಕ್ಕ?
ಇನ್ನೂ ಇಲ್ಲ.
ಬೆಳಿಗ್ಗೆ ಶಟರ್ ಎತ್ತಿ, ಗುಂಡಿ ಒತ್ತಿ
ಸೆಕೆಂಡು ಇಳಿಯುವುದನ್ನು ನೋಡುತ್ತ ನಿಲ್ಲುತ್ತೇನೆ,
ಹನ್ನೊಂದು, ಹತ್ತು,
ಒಂಬತ್ತು, ಎಂಟು,
ಏಳು.