ಯಾವ ಶಿರೋನಾಮೆಯ ಕೆಳಗೆ

ಮಾರ್ಚ್ ಕೊನೆಗೆ ಪ್ರತಿವರ್ಷ ನಾನು
ಬೆಳಗಾವಿ ಕ್ಯಾಂಪಿನ ಆ ಕಾನ್ವೆಂಟಿಗೆ ಲೆಕ್ಕ ಬರೆಯಲು ಹೋಗುತ್ತೇನೆ.
ಫೀಸು ಬೇಡವೆಂದರೆ ಸಿಸ್ಟರುಗಳು ಸುಮ್ಮನಿರುವುದಿಲ್ಲ,
ಅರ್ಧ ಕಿಲೋ ಕುಂದಾ ಕಟ್ಟಿಕೊಡುತ್ತಾರೆ.
ಆ ಕುಂದಾವನ್ನೂ ಖರ್ಚಿಗೆ ಹಾಕುತ್ತೇನೆ.

ಈ ಸಲ ಖಜಾಂಚಿ ಹೊಸಬಳು, ಸಿಸ್ಟರ್ ನತಾಲಿನಾ,
ಹಳಿಯಾಳ ಕಡೆಯ ಸಿದ್ದಿ ಹುಡುಗಿ, ಮೂವತ್ತೆರಡರ ವಯಸ್ಸು.
ಬಿಲ್ಲುಗಳನ್ನು ಬೂಟಿನ ಡಬ್ಬಿಯಲ್ಲಿ ತಂದು ಸುರುವಿದಳು:
ಬಿ.ಪಿ. ಗುಳಿಗೆ, ಸಕ್ಕರೆ ಗುಳಿಗೆ, ಮರೆವಿನ ಗುಳಿಗೆ,
ದೊಡ್ಡವರ ಡೈಪರ್ ಹದಿನಾಲ್ಕು ಪಾಕೀಟು,
ರಾತ್ರಿ ಪಾಳಿಯ ಲಗಮವ್ವನ ಪಗಾರ,
ವಾಕರಿನ ರಬ್ಬರ್ ಕಾಲು, ಎರಡು.

"ಹನ್ನೊಂದು ಮಂದಿ ಅದಾರ್ರಿ ಮ್ಯಾಲಿನ ಮಾಳಿಗ್ಯಾಗ.
ಅಲ್ಲಲ್ಲ, ಈಗ ಕೆಳಗ ಇಳಿಸೇವಿ, ಮೆಟ್ಟಲಾ ಆಗೂದಿಲ್ಲ.
ದುಡಿಯೋರು ನಾವು ನಾಲ್ಕ ಮಂದಿ."

ಪೆನ್ಶನ್ ಬರುವುದು ಇಬ್ಬರಿಗೆ,
ಅನುದಾನಿತ ಶಾಲೆಯಲ್ಲಿ ಕಲಿಸಿದವರಿಗೆ.
ಆ ಎರಡು ಪೆನ್ಶನ್ನು ಹನ್ನೊಂದು ಗುಳಿಗೆ ಡಬ್ಬಿಗೆ ಹಂಚುತ್ತದೆ.
ಉಳಿದ ಒಂಬತ್ತು ಮಂದಿ
ಬೋರ್ಡಿಂಗಿನ ಒಲೆಯ ಮುಂದೆ, ಹಳ್ಳಿ ದವಾಖಾನೆಯಲ್ಲಿ,
ಕುಷ್ಠರೋಗಿಗಳ ಬ್ಯಾಂಡೇಜು ಕುದಿಸುವ ಹಂಡೆಯ ಹೊಗೆಯಲ್ಲಿ
ಐವತ್ತು ವರ್ಷ ದುಡಿದವರು.
ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲ.

ಸಿಸ್ಟರ್ ಅಪೊಲೋನಿಯಾ ಕೊನೆಯ ಪ್ರತಿಜ್ಞೆಯ ಮುನ್ನಾದಿನ
ಖಾನಾಪುರದ ಮೂರೂವರೆ ಎಕರೆಯ ಪಾಲನ್ನು
ತಮ್ಮನ ಹೆಸರಿಗೆ ಬರೆದುಕೊಟ್ಟ ಕಾಗದ
ಕಪಾಟಿನಲ್ಲಿದೆ, ಗೆದ್ದಲು ಒಂದು ಮೂಲೆ ತಿಂದಿದೆ.
ತಮ್ಮನ ಮಗ ಕ್ರಿಸ್ಮಸ್ಸಿಗೆ ಕಾರ್ಡು ಕಳಿಸುತ್ತಾನೆ.

ವಿಮೆ ಕಂಪನಿಗೆ ನಾನೇ ಫೋನು ಹಚ್ಚಿದೆ.
"ಎಂಬತ್ತರ ಮ್ಯಾಲಿನವ್ರಿಗೆ ನಮ್ಮಲ್ಲಿ ಇಲ್ರೀ ಸರ್" ಅಂದ ಹುಡುಗ.
ಆಮೇಲೆ, ಪಾಪ, ಕೇಳಿದ: "ಅವರಿಗೆ ಮಕ್ಕಳಿಲ್ಲೇನ್ರಿ?"
ಇಲ್ಲ ಅಂದೆ.
ಅನ್ನುವಾಗ ನಾಲಿಗೆ ತೊಡರಿತು.

ಯಾಕೆಂದರೆ ಬೈಲಹೊಂಗಲದ ಆಚೆ ಒಂದು ಊರಲ್ಲಿ
ಕಂದೀಲಿನ ಬೆಳಕಿನಲ್ಲಿ ಕಾಲು ಮುಂದಾಗಿ ಬಂದವನು ನಾನು;
ಎಳೆದು ತೆಗೆದದ್ದು ಸಿಸ್ಟರ್ ಎಮರೆನ್ಸಿಯಾ.
ಹಳೇ ಕಿರ್ದಿ ಪುಸ್ತಕದಲ್ಲಿ ಆ ವರ್ಷದ ಶ್ರಾವಣಕ್ಕೆ
ಒಂದು ಸಾಲಿದೆ: ಹೆರಿಗೆ, ಜೋಳ ೨ ಸೇರು.
ನಮ್ಮವ್ವನದೇ ಇರಬೇಕು. ಬೇರೆಯವಳದೂ ಇದ್ದೀತು.

ಈಗ ಅವರ ಚಪ್ಪೆ ಎಲುಬು ಮುರಿದಿದೆ.
ಆಸ್ಪತ್ರೆಯ ಅಂದಾಜು ಎರಡು ಲಕ್ಷ ತೊಂಬತ್ತು ಸಾವಿರ.
ರವಿವಾರದ ಪೂಜೆಯಲ್ಲಿ ಫಾದರ್ ಎರಡನೇ ಬುಟ್ಟಿ ತಿರುಗಿಸಿದರು:
ಹದಿನೆಂಟು ಸಾವಿರದ ಆರುನೂರ ನಲವತ್ತು,
ಗೋವಾ ಬಸ್ಸಿನ ಒಂದು ಟಿಕೇಟು, ಒಂದು ಗುಂಡಿ.

ನತಾಲಿನಾ ಪೆನ್ನಿನ ಟೋಪಿ ಕಚ್ಚುತ್ತ ಕೇಳಿದಳು:
"ಯಾವ ಗುಳಿಗಿ ಬಿಡಿಸೂಣು ಹೇಳ್ರಿ. ಯಾರದು?"
ಮೂವತ್ತು ವರ್ಷ ಕಂಪನಿಗಳ ಖರ್ಚು ಕತ್ತರಿಸಿದವನು ನಾನು,
ಕನ್ನಡಕ ಒರೆಸಿದೆ, ಮತ್ತೆ ಒರೆಸಿದೆ.
ಬಾಗಿಲ ಬಳಿ ಗಾಲಿಕುರ್ಚಿಯಿಂದ ಅಪೊಲೋನಿಯಾ ನಕ್ಕರು,
ಒಂದು ಕಾಲಕ್ಕೆ ಅವರೂ ಇದೇ ಮೇಜಿನ ಖಜಾಂಚಿ:
"ಬಡತನದ ಪ್ರತಿಜ್ಞೆ ಮಾಡಿದವ್ರು ನಾವು.
ಮೆಡಿಕಲ್ ಅಂಗಡಿಯಾಂವ ಮಾಡಿಲ್ಲಲ್ಲ!"

ಯಾವ ಶಿರೋನಾಮೆಯ ಕೆಳಗೆ ಬರೆಯಲಿ ಇದನ್ನು?
ದಾನ ಅಂದರೆ ಕೈ ಏಳುವುದಿಲ್ಲ.
ನಮ್ಮ ಮನೆಯಲ್ಲಿ ಇಂಥದಕ್ಕೆ ದಾಸೋಹ ಅನ್ನುತ್ತಿದ್ದರು,
ಫಾರ್ಮಿನಲ್ಲಿ ಆ ಕಾಲಂ ಇಲ್ಲ.
'ಕೊಡತಕ್ಕ ಬಾಕಿ' ಎಂದು ಬರೆದೆ.
ಯಾರು ಕೊಡತಕ್ಕದ್ದು ಎಂಬಲ್ಲಿ
ಪೆನ್ಸಿಲ್ಲಿನಿಂದ ನಮ್ಮೂರ ಹೆಸರು ಹಾಕಿ, ಅಳಿಸಿದೆ.
ಗುರುತು ಉಳಿದಿದೆ.

ಹೊರಡುವ ಮುಂಚೆ ಎಮರೆನ್ಸಿಯಾರ ಮಂಚದ ಹತ್ತಿರ ಹೋದೆ.
ಈಗ ಯಾರು ಬಂದರೂ ಅವರು ಕೇಳುವುದು ಒಂದೇ ಮಾತು,
ಬಿಷಪ್ಪರನ್ನೂ ಹಾಗೇ ಕೇಳಿದರಂತೆ.
ಕಣ್ಣು ಕಿರಿದು ಮಾಡಿ ನನ್ನ ಹೊಟ್ಟೆ ನೋಡಿದರು:
"ಎಷ್ಟ ತುಂಬ್ಯಾವವ್ವಾ?"

ಒಂಬತ್ತು ತುಂಬ್ಯಾವ್ರಿ, ಅಂದೆ.

"ಮತ್ತ ನಿಂತೀಯೇನ?
ನೀರ ಕಾಯಾಕ ಇಡು, ನಾ ಬಂದೆ" ಎಂದು
ಏಳಲು ಹೋದರು.